ದಿಲೀಪನ ಗಿಟಾರಿನ ಕತ್ತು

ದಿಲೀಪನ ಗಿಟಾರಿನ ಕತ್ತು ಬಾಗಿದ್ದಕ್ಕೆ ಕಾರಣ ಅವನ ಅತಿಯಾದ ಅಕ್ಕರೆ. ಹೊಳೆಯ ಕಡೆಯಿಂದ ಬೀಸುವ ಥಂಡಿ ಹತ್ತದಿರಲಿ ಎಂದು ಅವನು ಅದನ್ನು ಬಚ್ಚಲ ಒಲೆಯ ಹಿಂದಿನ ಗೋಡೆಗೆ ಒರಗಿಸಿಟ್ಟಿದ್ದ. ಹಂಡೆಯ ನೀರಿನ ಜೊತೆಗೆ ಗಿಟಾರೂ ದಿನಾ ಕಾಯುತ್ತಿತ್ತು. ಅಂದು ಬೆಳಗ್ಗೆ ಚೀಲದಿಂದ ತೆಗೆದು ನೋಡಿದರೆ ಕತ್ತು ಮುಂದಕ್ಕೆ ಬಾಗಿ, ತಂತಿಗಳು ಬಟ್ಟೆ ಒಣಹಾಕುವ ಹಗ್ಗದ ಹಾಗೆ ಮರದಿಂದ ದೂರ ನಿಂತಿದ್ದವು. ಒತ್ತಿದರೆ ಬೆರಳು ಕತ್ತರಿಸುತ್ತಿತ್ತೇ ಹೊರತು ಸ್ವರ ಬರುತ್ತಿರಲಿಲ್ಲ.

ಬೇರೆ ದಿನವಾಗಿದ್ದರೆ ಹೊಳೆನರಸೀಪುರದ ಈ ಸಾಧು ಪ್ರಾಣಿ ನಿಟ್ಟುಸಿರುಬಿಟ್ಟು ಸುಮ್ಮನಾಗುತ್ತಿದ್ದ. ಆದರೆ ಸಂಜೆ ಚನ್ನರಾಯಪಟ್ಟಣದಲ್ಲಿ ಆರತಕ್ಷತೆ. ಮದುವಣಗಿತ್ತಿ ಅವನ ಹೆಂಡತಿ ರೂಪಶ್ರೀಯ ಚಿಕ್ಕಪ್ಪನ ಮಗಳು. ಆರ್ಕೆಸ್ಟ್ರಾ ದಿಲೀಪ ಕೆಲಸ ಮಾಡುವ ಹಾಸನದ ತಂಡದ್ದೇ. ಕೆಲಸವೆಂದರೆ ಸ್ಪೀಕರ್ ಹೊರುವುದು, ವೈರ್ ಸುತ್ತುವುದು. ಹೆಣ್ಣು ಕೇಳಲು ಹೋದವರು ಮಾತ್ರ ಉತ್ಸಾಹದಲ್ಲಿ "ಹುಡುಗ ಗಿಟಾರ್ ಆರ್ಟಿಸ್ಟು" ಎಂದುಬಿಟ್ಟಿದ್ದರು. ರೂಪಶ್ರೀಯ ತಾತ ನಂಜಪ್ಪನವರು ಆ ಒಂದು ಮಾತಿಗೇ ಮಾರುಹೋಗಿ ಸಂಬಂಧಕ್ಕೆ ಒಪ್ಪಿದ್ದರು. ಅಂದಿನಿಂದ ಪ್ರತಿ ಹಬ್ಬಕ್ಕೂ "ನಿನ್ ಗಂಡ ನುಡಿಸೋದ್ನ ಯಾವಾಗವ್ವಾ ತೋರಿಸ್ತೀಯ?" ಎಂದು ಮೊಮ್ಮಗಳನ್ನು ಕೇಳುತ್ತಿದ್ದರು.

ದಿಲೀಪನಿಗೆ ನುಡಿಸಲು ಬರುತ್ತಿರಲಿಲ್ಲವೆಂದಲ್ಲ, ಸೊಗಸಾಗಿಯೇ ಬರುತ್ತಿತ್ತು. ನಿಲ್ಲಲು ಜಾಗ ಸಿಕ್ಕಿರಲಿಲ್ಲ ಅಷ್ಟೆ. ತಂಡದ ಗಿಟಾರಿಸ್ಟ್ ಹರ್ಷವರ್ಧನ್ ಅಂದು ಅರಕಲಗೂಡಿನಲ್ಲಿ ಬೇರೆ ಕಾರ್ಯಕ್ರಮ ಒಪ್ಪಿಕೊಂಡಿದ್ದ. ಹಾಗಾಗಿ ಮಾಸ್ಟರ್ ಸಿದ್ದೇಶ್ವರ "ಇವತ್ತೊಂದಿನ ನೀನೇ ನಿಂತ್ಕೊಳ್ಳಯ್ಯ" ಎಂದಿದ್ದರು. ಇಂಥ ದಿನವೇ ಗಿಟಾರು ತಲೆಬಾಗಬೇಕೆ!

ಮೊಬೈಲಿನ ವಿಡಿಯೋ ಧೈರ್ಯ ಹೇಳಿತು. ಕತ್ತಿನ ಮರದೊಳಗೆ ಉದ್ದಕ್ಕೂ ಒಂದು ಕಬ್ಬಿಣದ ಸರಳು ಇರುತ್ತದಂತೆ, ಅದರ ಹೆಸರು ಟ್ರಸ್ ರಾಡ್. ತಂತಿಗಳು ಕತ್ತನ್ನು ಮುಂದಕ್ಕೆ ಎಳೆದರೆ ಅದು ಹಿಂದಕ್ಕೆ ಹಿಡಿಯುತ್ತದಂತೆ. ತುದಿಯಲ್ಲಿರುವ ಅದರ ತಿರುಪನ್ನು ಅಲನ್ ಕೀ ಹಾಕಿ ಇಷ್ಟೇ ಇಷ್ಟು ಬಿಗಿಮಾಡಿದರೆ ಕತ್ತು ನೇರವಾಗುತ್ತದಂತೆ. ದಿಲೀಪ ಗಿಟಾರನ್ನು ಜಗಲಿಯ ಮೇಲೆ ಮಲಗಿಸಿ, ಪಕ್ಕದ ಮನೆಯ ಪಂಪ್‌ಸೆಟ್ ಮೆಕ್ಯಾನಿಕ್ ಶಿವರಾಜುವಿನ ಬಳಿ ಅಲನ್ ಕೀ ಕೇಳಲು ಓಡಿದ.

ಕೀ ಕೇಳಿದರೆ ಶಿವರಾಜು ತಾನೂ ಜೊತೆಗೇ ಬಂದ. ಬಂದು ನೋಡಿದರೆ ಜಗಲಿಯ ಮೇಲೆ ಗಿಟಾರಿರಲಿಲ್ಲ. ಅಂಗಳದ ಬಿಸಿಲಿನಲ್ಲಿ, ಮೈತುಂಬ ಎಣ್ಣೆ ಹಚ್ಚಿಸಿಕೊಂಡು, ಕತ್ತಿನ ಮೇಲೆ ಆಲೂಗಡ್ಡೆ ಮೂಟೆ ಹೊತ್ತು ಮಲಗಿತ್ತು. ಪಕ್ಕದಲ್ಲಿ ಎದುರುಮನೆಯ ಸುಬ್ಬಮ್ಮಜ್ಜಿ ಎಣ್ಣೆ ಬಟ್ಟಲು ಹಿಡಿದು ಕೂತಿದ್ದಳು.

"ಅಜ್ಜೀ! ಏನ್ ಮಾಡ್ಬುಟ್ಟೆ?"

"ಗಾಬ್ರಿ ಬೀಳ್ಬ್ಯಾಡ ಕಣ್ಲಾ. ರೂಪ ಯೋಳುದ್ಲು, ಕತ್ತು ಸೊಟ್ಟಗಾಗದೆ ಅಂತ. ನಮ್ಮನೆ ಇಟ್ಟಿನ ಕೋಲು ಸೊಟ್ಟಗಾದಾಗ್ಲೂ ಇಂಗೇಯ. ಅರಳೆಣ್ಣೆ ಕುಡ್ಸಿ, ಬಿಸ್ಲಿಗೆ ಮಲಗ್ಸಿ, ಮ್ಯಾಲೆ ಭಾರ ಏರೋದು. ಸಂಜೆ ಒತ್ಗೆ ನೆಟ್ಟಗಾಯ್ತದೆ."

"ಇದು ಕರೆಂಟ್ ಗಿಟಾರು ಅಜ್ಜಿ!"

"ಕರೆಂಟಾದ್ರೇನ್ಲಾ, ಮರ ಮರಾನೇ ಅಲ್ವಾ?"

ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಊರಿನ ಎಷ್ಟೋ ಮುದ್ದೆಕೋಲುಗಳು ಅಜ್ಜಿಯ ಕೈಯಲ್ಲಿ ನೆಟ್ಟಗಾಗಿದ್ದವು. ದಿಲೀಪ ಮೂಟೆ ಇಳಿಸಿ, ಪಂಚೆಯ ತುದಿಯಿಂದ ಎಣ್ಣೆ ಒರೆಸುವಷ್ಟರಲ್ಲಿ ಶಿವರಾಜು ತಿರುಪಿಗೆ ಕೀ ಸಿಕ್ಕಿಸಿಯಾಗಿತ್ತು.

"ಮೋಟ್ರು ಬಿಚ್ಚೋನ್ಗೆ ಇದ್ಯಾವ ಲೆಕ್ಕ!" ಎನ್ನುತ್ತ ಒಮ್ಮೆ ಬಲವಾಗಿ ತಿರುಗಿಸಿದ. ಕತ್ತು ಇನ್ನಷ್ಟು ಬಾಗಿತು.

"ಅಣ್ಣಾ, ಉಲ್ಟಾ ತಿರುಗಿಸ್ದೆ!"

"ಅಂಗಾರೆ ಸೀದಾ ತಿರುಗುಸ್ತೀನಿ ಬುಡು," ಎಂದು ಎರಡರಷ್ಟು ಬಲ ಹಾಕಿದ. ಮರ ಕರ್ ಎಂದಿತು. ಈಗ ಕತ್ತು ಹಿಂದಕ್ಕೆ ಬಾಗಿ, ತಂತಿಗಳು ಕತ್ತಿನುದ್ದಕ್ಕೂ ಅಡ್ಡಡ್ಡ ಕೂರಿಸಿದ ಲೋಹದ ಮೆಟ್ಟುಗಳ ಮೇಲೆ ಮಲಗಿಬಿಟ್ಟವು. ಯಾವುದನ್ನು ಮೀಟಿದರೂ ಜೀರ್ ಎಂದು ಜೀರುಂಡೆಯ ಸ್ವರ.

"ಯಾರೂ ಮುಟ್ಟಂಗಿಲ್ಲ! ಎಲ್ರೂ ದೂರ ಓಗ್ರಿ!"

ಕೇರಿಯೇ ಬೆಚ್ಚಿಬಿತ್ತು. ಹಾಲಿಗೆ ನೀರು ಬೆರೆಸಿದವನನ್ನೂ ಗದರದ ದಿಲೀಪ ಕೂಗಿದ್ದ. ಬಾಗಿಲಲ್ಲಿ ನಿಂತಿದ್ದ ರೂಪಶ್ರೀಗೆ ಒಳಗೊಳಗೇ ಹೆಮ್ಮೆಯಾಯಿತು. ಕೀ ಕಿತ್ತುಕೊಂಡು ದಿಲೀಪ ಜಗಲಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತ.

ಮುಂದಿನದನ್ನು ನೋಡಿದವರೇ ಪುಣ್ಯವಂತರು. ಅವನು ಮೊದಲು ತಂತಿಗಳನ್ನೆಲ್ಲ ಸಡಿಲಿಸಿದ. ತಿರುಪನ್ನು ಕೂದಲೆಳೆಯಷ್ಟು ಹಿಂದಕ್ಕೆ ಬಿಟ್ಟ. ಮತ್ತೆ ತಂತಿ ಬಿಗಿದು ಶ್ರುತಿ ಮಾಡಿದ. ಒಂದು ತಂತಿಯನ್ನು ಮೇಲ್ತುದಿಯಲ್ಲೂ ಕೆಳತುದಿಯಲ್ಲೂ ಒತ್ತಿ ಹಿಡಿದು, ನಡುವೆ ಎಷ್ಟು ಸಂದು ಉಳಿಯಿತೆಂದು ಕಣ್ಣು ಕಿರಿದು ಮಾಡಿ ನೋಡಿದ. ಲಗ್ನಪತ್ರಿಕೆಯ ಲಕೋಟೆಯಿಂದ ಹರಿದ ಕಾಗದದ ಚೂರು ಅಲ್ಲಿ ಸಲೀಸಾಗಿ ನುಸುಳಬೇಕು, ಆದರೆ ಜಾರಿ ಬೀಳಬಾರದು. ಅದಾಗದಿದ್ದರೆ ಮತ್ತೆ ಸಡಿಲಿಸುವುದು, ಮತ್ತೆ ತಿರುವುವುದು, ಮತ್ತೆ ಶ್ರುತಿ. ಮರ ಹೊಸ ಮಾತಿಗೆ ಒಗ್ಗುವ ತನಕ ಸುಮ್ಮನೆ ಕಾಯುವುದು. ಬಲದಿಂದಾಗದ್ದನ್ನು ಹೀಗೆ ಓಲೈಸಿ ಮಾಡಿಸಿಕೊಳ್ಳುವವರನ್ನು ಕಂಡರೆ ನನಗಂತೂ ಕೈಮುಗಿಯಬೇಕು ಎನ್ನಿಸುತ್ತದೆ. ಊಟಕ್ಕೆ ಕರೆದರೂ ಅವನು ಏಳಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಜಗಲಿಯಿಂದ ಸ್ವರ ಕೇಳಿಸಿತು. ಜೇನುತುಪ್ಪ ಸುರಿದಂಥ, ತೊಡಕಿಲ್ಲದ ಸ್ವರ. ಕೇರಿಯವರು ಕೆಲಸ ಬಿಟ್ಟು ಬಂದು ನಿಂತರು.

"ನಮ್ ಅರಳೆಣ್ಣೆ ಕೆಲ್ಸ ಮಾಡ್ತು ನೋಡು," ಎಂದಳು ಅಜ್ಜಿ.

"ನಾನು ಒಂದು ಪೆಟ್ಟು ಸಡ್ಲ ಮಾಡಿ ಕೊಟ್ಟಿದ್ಕೇ ಆಗಿದ್ದು," ಎಂದ ಶಿವರಾಜು. ಆದರೂ ಇಬ್ಬರ ಕಣ್ಣಲ್ಲೂ ಮೆಚ್ಚುಗೆ ತುಂಬಿತ್ತು. ದಿಲೀಪನ ಜೊತೆ ಇಡೀ ಕೇರಿ ಒಂದು ಟೆಂಪೋ ಹತ್ತಿ ಚನ್ನರಾಯಪಟ್ಟಣಕ್ಕೆ ಹೊರಟಿತು.

ಛತ್ರದಲ್ಲಿ ದಿಲೀಪ ಇನ್ನೇನು ವೇದಿಕೆಯ ಮೆಟ್ಟಿಲು ಹತ್ತಬೇಕು, ಹರ್ಷವರ್ಧನ್ ಗಿಟಾರಿನೊಂದಿಗೆ ದಡಬಡ ಒಳಗೆ ಬಂದ.

"ಅರಕಲಗೂಡಿಂದು ಕ್ಯಾನ್ಸಲ್ ಆಯ್ತು ಮಾಸ್ಟ್ರೇ, ಬಂದ್ಬುಟ್ಟೆ. ಆದ್ರೆ ಕಾರಲ್ಲೇ ಬಿಸ್ಲಲ್ಲಿ ಬೆಂದು ನನ್ ಗಿಟಾರ್ ಕತ್ತು ಬಗ್ಗೋಗದೆ. ನುಡಿಸಾಕಾಗಲ್ಲ."

ದಿಲೀಪ ಬಾಯಿ ಬಿಡುವ ಮೊದಲೇ ಸುಬ್ಬಮ್ಮಜ್ಜಿ ಅಭಿಮಾನದಿಂದ ಮುಂದೆ ಬಂದಳು. "ಅದ್ಕೇನಂತೆ! ನಮ್ ದಿಲೀಪ ಇವತ್ತು ಇಂತದ್ನೇ ರಿಪೇರಿ ಮಾಡವ್ನೆ. ಕತ್ತು ಎಂಗೇ ಬಗ್ಗಿರ್ಲಿ, ನೆಟ್ಟಗೆ ಮಾಡ್ತಾನೆ ಕಣ್ ಸಾ!"

ಸಿದ್ದೇಶ್ವರ ದಿಲೀಪನ ಗಿಟಾರನ್ನು ತೆಗೆದುಕೊಂಡು ಒಮ್ಮೆ ಮೀಟಿದರು. ಅವರ ಹುಬ್ಬು ಮೇಲೇರಿತು. "ಬಲ್ ಚೆನ್ನಾಗೈತಲ್ಲಯ್ಯ! ಇದ್ನ ಸದ್ಯಕ್ಕೆ ಹರ್ಷಂಗೆ ಕೊಡು. ನೀನು ಹಿಂದೆ ಕೂತು ಅವನ್ದು ಸರಿಮಾಡು. ಅದು ಆದೇಟ್ಗೆ ನಿಂದು ನಿಂಗೆ."

ದಿಲೀಪ ಪರದೆಯ ಹಿಂದೆ ಕೂತ. ಈಗ ಅವನ ಕೈಗೆ ದಾರಿ ಗೊತ್ತಿತ್ತು. ಮೂರನೆಯ ಹಾಡು ಮುಗಿಯುವಷ್ಟರಲ್ಲಿ ಹರ್ಷನ ಗಿಟಾರು ನೆಟ್ಟಗಾಯಿತು. ದಿಲೀಪ ಅದನ್ನೆತ್ತಿಕೊಂಡು ವೇದಿಕೆಯ ಬದಿಗೆ ಓಡಿದ.

"ಸಾ, ರೆಡಿ. ನಂದು ನಂಗೆ ಕೊಡ್ಸಿ, ಹತ್ತುಬುಡ್ತೀನಿ."

ಸಿದ್ದೇಶ್ವರ ಅದನ್ನೂ ಮೀಟಿ ನೋಡಿದರು. ಅವರ ಕಣ್ಣು ತೇವವಾಯಿತು. ಇಂಥ ಮೆಚ್ಚುಗೆಯನ್ನು ದಿಲೀಪ ಯಾರ ಕಣ್ಣಲ್ಲೂ ಕಂಡಿರಲಿಲ್ಲ.

"ನಿನ್ನ ಸ್ಟೇಜಿಗೆ ಹತ್ತುಸ್ತೀನಾ? ನುಡಿಸೋರು ಹುಡುಕಿದ್ರೆ ಸಿಕ್ತಾರೆ ಕಣಯ್ಯ. ಈ ಕೈ ಎಲ್ಲಿ ಸಿಕ್ತದೆ? ಇನ್ಮುಂದೆ ನೀನು ಈ ಪರದೆ ಬಿಟ್ಟು ಅಲ್ಲಾಡಂಗಿಲ್ಲ."

ಅಷ್ಟರಲ್ಲಿ ಬೇಸ್ ಗಿಟಾರಿನವನೂ ತನ್ನದನ್ನು ದಿಲೀಪನ ತೊಡೆಯ ಮೇಲೆ ತಂದಿಟ್ಟ.

ಆಗಲೇ ಮೈಕಿನಲ್ಲಿ ನಂಜಪ್ಪನವರ ದನಿ ಕೇಳಿಸಿತು. ಮುದುಕರನ್ನು ಯಾರೋ ಕೈಹಿಡಿದು ವೇದಿಕೆಗೆ ಹತ್ತಿಸಿದ್ದರು. "ಗಿಟಾರ್ ನುಡಿಸ್ತಿರೋದು ನಮ್ಮನೆ ಅಳಿಯ. ಜನ್ಮ ಸಾರ್ಥಕ ಆಯ್ತು," ಎಂದವರೇ ಮಂಜುಗಣ್ಣಿನ ತಾತ ಹರ್ಷವರ್ಧನನಿಗೆ ಜರಿಯ ಶಾಲು ಹೊದಿಸಿ, ಪೇಟ ತೊಡಿಸಿ, ಹಾರ ಹಾಕಿ ತಬ್ಬಿಕೊಂಡರು. ಸಭೆಯಲ್ಲಿ ಚಪ್ಪಾಳೆಯೋ ಚಪ್ಪಾಳೆ. ರೂಪಶ್ರೀ ತಲೆ ತಗ್ಗಿಸಿದಳು.

"ಅಯ್ಯೋ, ಅವ್ನಲ್ಲ ಕಣಣ್ಣೋ!" ಎಂದು ಸುಬ್ಬಮ್ಮಜ್ಜಿ ಕುರ್ಚಿ ಹತ್ತಿ ನಿಂತು ಕೂಗಿದಳು. ಆದರೆ ಅಷ್ಟರಲ್ಲಿ ಹರ್ಷವರ್ಧನ್ ಮುಂದಿನ ಹಾಡು ಎತ್ತಿಕೊಂಡಿದ್ದ. ದಿಲೀಪನ ಗಿಟಾರು ಛತ್ರ ತುಂಬುವ ಹಾಗೆ, ಒಂದು ತಂತಿಯೂ ತೊದಲದೆ ಎಷ್ಟು ಸೊಗಸಾಗಿ ನುಡಿಯಿತೆಂದರೆ, ಅಜ್ಜಿಯ ಕೂಗು ಯಾರೊಬ್ಬರಿಗೂ ಕೇಳಿಸಲಿಲ್ಲ.