ದೊಡ್ಡಮ್ಮನನ್ನು ವಾಪಸ್ ಬಿಡಲು ಹೋದದ್ದು

ದುಡ್ಡು ಕೊಟ್ಟು ನಾಯಿ ಕೊಳ್ಳುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಯಾರೋ ಬಿಟ್ಟುಹೋದ ಜೀವಗಳು ಆಶ್ರಯಧಾಮದ ಗೇಟಿನ ಕಡೆಯೇ ನೋಡುತ್ತಾ ಕೂತಿರುವಾಗ, ಈ ಮಹಾಶಯರಿಗೆ ಸೋಫಾದ ಬಣ್ಣಕ್ಕೆ ಹೊಂದುವ ಮರಿಯೇ ಆಗಬೇಕು! ನನ್ನ ಅಂಕಣದಲ್ಲಿ ಗುಡುಗಿಯೇಬಿಟ್ಟೆ: ‘ನಾಯಿ ಬೇಕೆ? ಯಾರಿಗೂ ಬೇಡವಾದದ್ದನ್ನು ತನ್ನಿ. ಅದರಲ್ಲೂ ವಯಸ್ಸಾದದ್ದನ್ನು ತನ್ನಿ. ಆಗದಿದ್ದರೆ ಹೂದಾನಿ ಕೊಂಡುಕೊಳ್ಳಿ, ಅದಕ್ಕೆ ಹಸಿವಾಗುವುದಿಲ್ಲ.’ (ಹೂದಾನಿಯ ಮಾತಿಗೆ ನಾನೇ ತಲೆದೂಗಿದೆ. ಬೇರೆ ಯಾರೂ ಪಕ್ಕದಲ್ಲಿರಲಿಲ್ಲ.)

ನನ್ನ ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ನನ್ನ ಅಂಕಣ ಅವಳು ಓದುವುದಿಲ್ಲ; ಬರೆಯುವಾಗಲೇ ಕೇಳಿಸಿರುತ್ತದೆ. ನಾನು ಶಾಲೆ ಅರ್ಧಕ್ಕೆ ಬಿಟ್ಟವನು. ಗೋಡೆಬರಹ, ಅಂಗಡಿ ಬೋರ್ಡು ಗಟ್ಟಿಯಾಗಿ ಓದಿ ಓದಿಯೇ ಭಾಷೆ ಕಲಿತವನು. ಹಾಗಾಗಿ ಈಗಲೂ ಕೂಗದೆ ಬರೆಯಲು ಬರುವುದಿಲ್ಲ. ಎದುರಿಗೆ ಜನಸಾಗರ ಇದ್ದಂತೆ ಮೇಜು ಗುದ್ದಿ ಒಂದು ವಾಕ್ಯ ಹೇಳಬೇಕು, ಆಮೇಲೆ ಬರೆಯಬೇಕು.

“ಬರೆದಾಯ್ತಲ್ಲ, ಏಳಿ ಹೋಗೋಣ” ಎಂದಳು.

“ಎಲ್ಲಿಗೆ?”

“ನಾಯಿ ತರೋಕೆ.”

“ಅದು ಓದುಗರಿಗೆ ಕಣೇ ಬರೆದದ್ದು!”

“ಅವರಿಗಿಂತ ಮೊದಲು ಕೇಳಿಸಿಕೊಂಡವಳು ನಾನು. ಏಳಿ.”

ಆಶ್ರಯಧಾಮದಲ್ಲಿ ನನ್ನ ಕಣ್ಣು ಒಂದು ಬಿಳಿ ಮರಿಯ ಮೇಲೆ ಬಿತ್ತು. (ನಮ್ಮ ಸೋಫಾ ಯಾವ ಬಣ್ಣ ಎಂದು ದಯವಿಟ್ಟು ಕೇಳಬೇಡಿ.) ಹೆಂಡತಿ ಮಾತ್ರ ಕೊನೆಯ ಗೂಡಿನ ಮುಂದೆ ಕೂತುಬಿಟ್ಟಿದ್ದಳು. ಒಳಗೆ ಮೂತಿಯೆಲ್ಲ ನರೆತ, ಒಂದು ಕಿವಿ ಹರಿದ ಹೆಣ್ಣು ನಾಯಿ. “ನೋಡಿ, ಥೇಟ್ ನಮ್ಮ ದೊಡ್ಡಮ್ಮ. ಹೇಳದೆ ಬಂದ ನೆಂಟರನ್ನ ಅವರು ಹೀಗೇ ನೋಡ್ತಿದ್ರು.” ಅಲ್ಲಿಗೆ ನಾಮಕರಣವೂ ಮುಗಿಯಿತು.

“ಯಾರೋ ಹೊಡೆದು ಬಡಿದು ಸಾಕಿದ್ದು” ಎಂದಳು ಅಲ್ಲಿ ನೋಡಿಕೊಳ್ಳುವ ಹೆಂಗಸು. “ಒಂದು ಸಲ ಒಯ್ದವರು ವಾಪಸ್ ತಂದುಬಿಟ್ರು. ಇನ್ನೊಂದು ಸಲ ವಾಪಸ್ ಬಂದ್ರೆ ಯಾರೂ ಮುಟ್ಟಲ್ಲ ಸಾರ್. ಸಾಯೋವರೆಗೂ ಈ ಗೂಡೇ ಗತಿ.”

“ಥೂ! ವಾಪಸ್ ತರೋರು ಮನುಷ್ಯರಾ?” ಎಂದೆ. ನಾನೇ ಎಂದದ್ದು.

ಮನೆಗೆ ಬಂದ ದೊಡ್ಡಮ್ಮ ಸಾಕ್ಷಾತ್ ಸಾಧ್ವಿ. ಬೊಗಳುವುದಿಲ್ಲ, ಕಚ್ಚುವುದಿಲ್ಲ, ಕೊಟ್ಟದ್ದು ತಿನ್ನುತ್ತದೆ. ಆದರೆ ನಾನು ಬರೆಯಲು ಕೂತು ಮೇಜು ಗುದ್ದಿದೆನೋ, ನಿಂತಲ್ಲೇ ನಡುಗಿ, ಅಲ್ಲೇ ಉಚ್ಚೆ ಹೊಯ್ದು, ವಾಷಿಂಗ್ ಮೆಷಿನ್ ಹಿಂದೆ ಸೇರಿಕೊಂಡುಬಿಟ್ಟಿತು. ಊಟಕ್ಕೆ ಕರೆದರೂ ಬರಲಿಲ್ಲ. ಮುಂದಿನ ಸಲವೂ ಅದೇ ಕಥೆ. ಕೊನೆಗೆ ಬಾಯಿ ಮುಚ್ಚಿಕೊಂಡು ಒಂದು ಅಂಕಣ ಬರೆದು ಕಳಿಸಿದೆ. ಸಂಪಾದಕರ ಫೋನ್ ಬಂತು: “ಏನ್ರೀ, ಈ ವಾರ ಗಂಜಿ ಥರ ಇದೆ? ಜ್ವರಾನಾ?”

“ನೋಡು, ನಿನ್ನ ದೊಡ್ಡಮ್ಮ ನನ್ನ ಅನ್ನಕ್ಕೆ ಕಲ್ಲು ಹಾಕ್ತಿದ್ದಾಳೆ!” ಎಂದೆ.

“ಸಿಟ್ಟನ್ನ ಬರೀರಿ. ಕೂಗೋದು ಯಾಕೆ?”

“ನಾನು ಕೂಗೋದು ಸಮಾಜದ ಮೇಲೆ!”

“ಸಮಾಜ ಎಲ್ಲಿದೆ ಇಲ್ಲಿ? ಇರೋದು ನಾನು, ದೊಡ್ಡಮ್ಮ.”

ಆ ವಾರ ನಾನು ಬರೆಯಬೇಕಿದ್ದದ್ದು ಮೂಕಪ್ರಾಣಿಗಳ ಮೇಲಿನ ಕ್ರೌರ್ಯದ ಬಗ್ಗೆ. ಕೋಟ್ಯಂತರ ಮೂಕಪ್ರಾಣಿಗಳ ಪರವಾಗಿ ಕೂಗಲು ಒಂದು ಮೂಕಪ್ರಾಣಿ ಅಡ್ಡ ಬಂದರೆ ಏನು ಮಾಡಬೇಕು? ತ್ಯಾಗ ಮಾಡಬೇಕು. (ನಾಯಿಯನ್ನು.) ಹೆಂಡತಿ ಡ್ಯೂಟಿಗೆ ಹೊರಟದ್ದೇ ತಡ, ದೊಡ್ಡಮ್ಮನ ತಟ್ಟೆ, ಹೊದಿಕೆ ಚೀಲಕ್ಕೆ ತುಂಬಿ ಟ್ಯಾಕ್ಸಿ ಹಿಡಿದೆ. ‘ಗೇಟು ತೆರೆದಿತ್ತು, ಓಡಿಹೋಯ್ತು’ ಎಂಬ ಸುಳ್ಳನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದೆ. ದೊಡ್ಡಮ್ಮ ಕಿಟಕಿಗೆ ಮೂತಿ ಇಟ್ಟು ಗಾಳಿ ಕುಡಿಯುತ್ತಿತ್ತು. ಅಷ್ಟು ಖುಷಿಯಾಗಿ ಅದನ್ನು ನಾನು ಕಂಡೇ ಇರಲಿಲ್ಲ.

ಆಶ್ರಯಧಾಮದ ಗೇಟು ಕಂಡದ್ದೇ ಬಾಲ ಕೆಳಗಾಯಿತು. ನಾನಿನ್ನೂ ಬಾಯಿ ಬಿಟ್ಟಿರಲಿಲ್ಲ. ಅದು ನನಗಿಂತ ಮುಂದೆ ತಾನೇ ನಡೆದು, ಬಾಗಿಲು ತೆರೆದಿದ್ದ ತನ್ನ ಹಳೇ ಗೂಡಿನೊಳಗೆ ಹೋಗಿ, ಗೋಡೆಗೆ ಮುಖ ಮಾಡಿ ಮಲಗಿತು.

“ಅಯ್ಯೋ, ಅಂಕಣದ ಫೋಟೋದಲ್ಲಿರೋದು ಇವರೇ ಕಣೇ!” ಹಿಂದಿನಿಂದ ದನಿ ಬಂತು. ನಿವೃತ್ತ ಬಸ್ ಕಂಡಕ್ಟರ್ ಒಬ್ಬರು, ಜೊತೆಗೆ ಅವರ ಹೆಂಡತಿ. ಆಕೆಯ ತೋಳಲ್ಲಿ ಕುಂಟುನಾಯಿ. “ಸಾರ್, ಅಂಗಡೀಲಿ ಚಂದದ ಮರಿ ನೋಡಿ ಇಟ್ಟಿದ್ವಿ. ನಿಮ್ಮ ಅಂಕಣ ಓದಿ ನಾಚಿಕೆಯಾಗಿ ಇಲ್ಲಿಗೆ ಬಂದ್ವಿ.”

ನೋಡಿಕೊಳ್ಳುವ ಹೆಂಗಸೂ ಬಂದಳು. ದೊಡ್ಡಮ್ಮನನ್ನು ನೋಡಿದಳು, ನನ್ನ ಚೀಲ ನೋಡಿದಳು.

“ಸಾರ್ ಇನ್ನೊಂದು ಒಯ್ಯೋಕೆ ಬಂದಿರ್ತಾರೆ” ಎಂದರು ಕಂಡಕ್ಟರಮ್ಮ. “ಇಂಥವರಿಗೆ ಒಂದು ಎಲ್ಲಿ ಸಾಕಾಗುತ್ತೆ?”

‘ಇಲ್ಲಮ್ಮ, ಇದ್ದ ಒಂದೂ ಹೆಚ್ಚಾಗಿದೆ’ ಎನ್ನಬೇಕಿತ್ತು. ನಾಲಿಗೆ “ಹೂಂ” ಎಂದುಬಿಟ್ಟಿತು.

“ಯಾರಿಗೂ ಬೇಡವಾದದ್ದೇ ಕೊಡ್ಲಾ ಸಾರ್?” ಎಂದು ನೋಡಿಕೊಳ್ಳುವ ಹೆಂಗಸು ಕರುವಿನಷ್ಟು ಎತ್ತರದ ಒಂದು ಕರಿ ನಾಯಿಯನ್ನು ತಂದು ಹಗ್ಗ ನನ್ನ ಕೈಗಿತ್ತಳು. “ಕಿವಿ ಕೇಳಿಸಲ್ಲ ಇದಕ್ಕೆ.”

ಕಿವಿ ಕೇಳಿಸಲ್ಲ! ಆ ನಾಚಿಕೆಯ ನಡುವೆಯೂ ನನ್ನೊಳಗಿನ ಅಂಕಣಕಾರ ಕುಣಿದಾಡಿದ.

“ದೊಡ್ಡಮ್ಮಾ, ಬಾ” ಎಂದು ಕರೆದೆ. ಅದು ತಿರುಗಲಿಲ್ಲ. ಮತ್ತೆ ಕರೆದೆ. ಕೊನೆಗೆ ಮೂವರೂ ನೋಡುತ್ತಿರುವಂತೆ ಮಂಡಿಯೂರಿ ಗೂಡಿನೊಳಗೆ ನುಸುಳಿ, ಅದರ ಪಕ್ಕದಲ್ಲಿ ಕೂತೆ. “ಎಷ್ಟು ಪ್ರೀತಿ ನೋಡಿ” ಎಂದು ಕಂಡಕ್ಟರಮ್ಮ ಕಣ್ಣೊರೆಸಿಕೊಂಡರು. ನೆಲ ಬಾಯಿ ಬಿಡಬಾರದೇ ಅನ್ನಿಸಿತು. ತುಂಬಾ ಹೊತ್ತಿನ ಮೇಲೆ ದೊಡ್ಡಮ್ಮ ಎದ್ದಿತು. ನನ್ನ ಮುಖ ನೋಡದೆ ಹೊರಗೆ ನಡೆಯಿತು.

ಮನೆ ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ಆವತ್ತೇ ಬೇಗ ಬರಬೇಕಿತ್ತೇ?

“ಇದ್ಯಾರು?”

“ದೊಡ್ಡಮ್ಮನಿಗೆ ಜೊತೆ ಇರಲಿ ಅಂತ ತಂದೆ. ಪಾಪ, ಕಿವಿ ಕೇಳಿಸಲ್ಲ.”

“ನಿಮ್ಮ ಜೊತೆ ಬಾಳೋಕೆ ಪುಣ್ಯ ಮಾಡಿದ್ದಾನೆ” ಎಂದಳು. ಅಷ್ಟರಲ್ಲಿ ಅವಳ ಕಣ್ಣು ಚೀಲದಿಂದ ಇಣುಕುತ್ತಿದ್ದ ತಟ್ಟೆಯ ಮೇಲೆ, ಹೊದಿಕೆಯ ಮೇಲೆ ಬಿತ್ತು. ಎಲ್ಲಿಗೆ, ಏಕೆ ಎಂದು ಕೇಳಿದ್ದರೆ ನನ್ನ ಹತ್ತಿರ ಉತ್ತರಗಳಿದ್ದವು. ಅವಳು ಕೇಳಲಿಲ್ಲ.

“ದೊಡ್ಡಮ್ಮನಿಗೆ ಗೊತ್ತಾಯ್ತಾ?” ಎಂದಳು.

“ಹೂಂ” ಎಂದೆ. “ಗೊತ್ತಾಯ್ತು.”

ಅವಳು ಹೊದಿಕೆ ತೆಗೆದು, ಕೊಡವಿ, ನನ್ನ ಓದುವ ಕುರ್ಚಿಯ ಮೇಲೆ ಹಾಸಿ ದೊಡ್ಡಮ್ಮನನ್ನು ಮಲಗಿಸಿದಳು. “ಇನ್ಮೇಲೆ ಬರೆಯೋದಿದ್ರೆ ತಾರಸಿಗೆ ಹೋಗಿ. ಚಿಕ್ಕಪ್ಪನನ್ನೂ ಕರ್ಕೊಂಡು ಹೋಗಿ.” (ಚಿಕ್ಕಪ್ಪ ಎಂದರೆ ಕರಿ ನಾಯಿ.)

ಈಗ ತಾರಸಿಯ ಮೇಲೆ, ನೀರಿನ ಟ್ಯಾಂಕಿನ ನೆರಳಲ್ಲಿ ಮಡಚುವ ಮೇಜು ಹಾಕಿಕೊಂಡು ಕೂತಿದ್ದೇನೆ. ಎಂಥ ಸ್ವಾತಂತ್ರ್ಯ! ಮೊದಲ ವಾಕ್ಯವನ್ನು ಬಾನು ಬಿರಿಯುವಂತೆ ಕೂಗಿದೆ. ಚಿಕ್ಕಪ್ಪ ಬಾಲ ಆಡಿಸಿದ. ಉತ್ಸಾಹ ಉಕ್ಕಿ ಮೇಜು ಗುದ್ದಲು ಎಡಗೈ ಎತ್ತಿದೆ. ಅಷ್ಟು ದೊಡ್ಡ ನಾಯಿ ಕುಗ್ಗಿ ಮುದ್ದೆಯಾಗಿ ಟ್ಯಾಂಕಿನ ಹಿಂದೆ ಸೇರಿಕೊಂಡಿತು. ಕಿವಿ ಕೇಳಿಸದಿದ್ದರೇನು, ಕೈ ಕಾಣಿಸುತ್ತದಲ್ಲ.

ಆದ್ದರಿಂದ ಈ ವಾರದ ಅಂಕಣ ಚಿಕ್ಕದು: ಆಶ್ರಯಧಾಮಕ್ಕೆ ಹೋಗಿ, ಅಲ್ಲಿಂದಲೇ ನಾಯಿ ತನ್ನಿ. ಹೊಂದಿಕೊಳ್ಳಬೇಕಾದವರು ನೀವು.

“ಏನ್ರೀ, ಸದ್ದೇ ಇಲ್ಲ?” ಮೆಟ್ಟಿಲ ಕೆಳಗಿನಿಂದ ಹೆಂಡತಿ ಕೂಗಿದಳು.

“ಬರೀತಿದ್ದೀನಿ ಕಣೇ” ಎಂದು ಪಿಸುಗುಟ್ಟಿದೆ, ಎಡಗೈಯನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು.