ಹಿಡಿಕೆಯ ಮೇಲಿನ ಊರು

ಶನಿವಾರ ಬೆಳಗ್ಗೆ ಗಣಪತಿ ಎರಡು ಸಾವಿರದ ಇನ್ನೂರು ವರ್ಷ ಹಳೆಯ ಮಣ್ಣಿನ ತುಂಡೊಂದನ್ನು ಅಡುಗೆಮನೆಯ ಸಿಂಕಿನ ಪಕ್ಕ ಇಟ್ಟು ದೂರದ ವಾಕಿಂಗಿಗೆ ಹೋಗಿ, ಬಂದವನು ಹಾಗೇ ಸ್ನಾನಕ್ಕೆ ಹೋದ. ಮಾಡಿದ ತಪ್ಪು ಅಷ್ಟೇ. ತಲೆ ಒರೆಸಿಕೊಳ್ಳುತ್ತ ಈಚೆ ಬಂದಾಗ ಅಲ್ಲಿ ದೋಸೆಹಿಟ್ಟಿನ ಪಾತ್ರೆ ಕೂತಿತ್ತು, ತುಂಡು ಇರಲಿಲ್ಲ.

“ವಸಂತಾ, ಇಲ್ಲಿದ್ದ ಹಿಡಿಕೆ ಎಲ್ಲಿ?”

“ಆ ಒಡೆದ ಮಡಕೆ ಚೂರಾ?” ಎಂದಳು ಹೆಂಡತಿ ವಸಂತಲಕ್ಷ್ಮಿ. “ಪಕ್ಕದ್ಮನೆ ಹಿಲ್ಡಾ ಬಂದಿದ್ರು. ಕರಿಬೇವಿನ ಕುಂಡದ ತಳಕ್ಕೆ ಹಾಕೋಕೆ ಚೂರುಪಾರು ಇದ್ಯಾ ಅಂದ್ರು. ಕೊಟ್ಟೆ.”

ಗಣಪತಿ ಕಾದ ಕಾವಲಿಯ ಮೇಲೆ ನಿಂತವನಂತೆ ಕುಣಿದ. “ಅದು ಗ್ರೀಸಿನ ಹೂಜಿ ಹಿಡಿಕೆ ಕಣೇ! ಮೇಲೆ ಮುದ್ರೆ ಇದೆ!”

“ನನಗೇನೋ ಬರೀ ಸುಣ್ಣ ಕಾಣಿಸ್ತು.”

ಅದೂ ನಿಜವೇ. ಮುದ್ರೆಯ ಮುಕ್ಕಾಲು ಭಾಗ ಸುಣ್ಣದ ಹಕ್ಕಳೆಯಲ್ಲಿ ಮುಚ್ಚಿಹೋಗಿತ್ತು.

ಊರು ಬಿಟ್ಟು ಪರದೇಶಕ್ಕೆ ಬಂದಿದ್ದ ಗಣಪತಿಗೆ ಅಲ್ಲಿಯ ಕ್ಯಾನ್ಯನ್ ಪಾರ್ಕಿನ ಕಂಪನಿಯೊಂದರಲ್ಲಿ ಸಾಫ್ಟ್‌ವೇರ್ ಪರೀಕ್ಷಿಸುವ ಕೆಲಸ. ಆದರೆ ಒಂದು ವರ್ಷದಿಂದ ಅವನ ಮನಸ್ಸೆಲ್ಲ ಹೂಜಿಗಳಲ್ಲಿ. ಕರ್ಕ್‌ಲ್ಯಾಂಡಿನ ಲೈಬ್ರರಿಯಲ್ಲಿ ಸಿಂಥಿಯಾ ಮೇಡಂ ಅವರ ಭಾಷಣ ಕೇಳಿದ್ದೇ ಇದಕ್ಕೆ ಕಾರಣ. ಅವರು ಮಂಗಳೂರಿನಿಂದ ಬಂದು, ಇಲ್ಲಿಯ ಕಾಲೇಜಿನಲ್ಲಿ ಪುರಾತತ್ವ ಕಲಿಸಿ ನಿವೃತ್ತರಾದವರು. ಹಳೆಯ ಗ್ರೀಕ್ ಊರುಗಳವರು ದ್ರಾಕ್ಷಾರಸದ ಹೂಜಿಯ ಹಿಡಿಕೆಗೆ, ನಮ್ಮ ಐಎಸ್‌ಐ ಮಾರ್ಕಿನ ಹಾಗೆ, ಮುದ್ರೆ ಒತ್ತುತ್ತಿದ್ದರಂತೆ. ಯಾವ ಊರಿನದು, ಯಾವ ಅಧಿಕಾರಿ ಇದ್ದ ವರ್ಷದ್ದು ಎಂದು ಅದರಲ್ಲಿ ಇರುತ್ತಿತ್ತು. ಕುಡಿದವರು ಹೋದರು, ಹೂಜಿ ಒಡೆಯಿತು, ಹಡಗು ಮುಟ್ಟಿದ ಊರಲ್ಲೆಲ್ಲ ಹಿಡಿಕೆ ಮಾತ್ರ ಉಳಿಯಿತು. ಯಾರು ಯಾರಿಗೆ ಮಾರಿದರು ಎಂದು ಇವತ್ತಿಗೂ ಅದೇ ಸಾಕ್ಷಿ ಹೇಳುತ್ತದೆ.

ಗಣಪತಿ ಸಾವಿರಾರು ಮುದ್ರೆಗಳ ಫೋಟೊ ತೋರಿಸಿ ತನ್ನ ಕಂಪ್ಯೂಟರಿಗೆ ಪಾಠ ಹೇಳಿದ್ದ. ಈಜಿಪ್ಟಿನಲ್ಲಿ ಸಿಕ್ಕಿ ಮೇಡಂ ಕಾಲೇಜಿಗೆ ಬಂದಿದ್ದ ಈ ಹಿಡಿಕೆಯನ್ನು ಯಾರಿಗೂ ಓದಲಾಗಿರಲಿಲ್ಲ. ಅವನ ಕಂಪ್ಯೂಟರ್ ಮಾತ್ರ, ಗ್ರೀಸಿನ ರೋಡ್ಸ್ ದ್ವೀಪದ್ದು, ಶೇಕಡ ತೊಂಬತ್ತಾರು ಖಚಿತ ಎಂದಿತ್ತು. ಅದನ್ನೇ ಅವನು ಇವತ್ತು ನಾಲ್ಕು ಗಂಟೆಗೆ ಲೈಬ್ರರಿಯಲ್ಲಿ ಜನರೆದುರು ತೋರಿಸಬೇಕಿತ್ತು. ಮೇಡಂ ಹಿಡಿಕೆಯನ್ನು ಹತ್ತಿಯಲ್ಲಿ ಸುತ್ತಿ, ಬಾಣಂತಿ ಕೂಸನ್ನು ಕೊಡುವ ಹಾಗೆ ಅವನ ಕೈಗೆ ಕೊಟ್ಟಿದ್ದರು.

ಪಕ್ಕದ ಮನೆಯ ಬಾಗಿಲು ತೆರೆದದ್ದು ಹಿಲ್ಡಾಳ ಗಂಡ ಜೋಸೆಫ್.

“ಹಿಲ್ಡಾ ಚರ್ಚಿಗೆ ಹಾಡಿನ ಪ್ರಾಕ್ಟೀಸಿಗೆ ಹೋಗಿದ್ದಾಳೆ. ಅಲ್ಲಿ ಫೋನ್ ಆಫ್ ಮಾಡ್ಬೇಕು ಮಾರಾಯ್ರೇ.”

“ಕುಂಡ ಎಲ್ಲಿ?”

“ಎರಡು ಮಾಡಿದ್ಳು. ಒಂದು ಇಲ್ಲೇ ಉಂಟು. ಇನ್ನೊಂದು ನಿಮ್ಮ ಸುಮುಖ್ ಆಫೀಸಿಗೆ ಹೋಗುವಾಗ ತೆಗೊಂಡು ಹೋದ್ರು.”

ಸುಮುಖ್ ಎಂದರೆ ಗಣಪತಿಯ ಬಾಸ್, ವಯಸ್ಸಿನಲ್ಲಿ ಹತ್ತು ವರ್ಷ ಚಿಕ್ಕವನು, ಶನಿವಾರವೂ ಆಫೀಸು ತಪ್ಪಿಸದವನು. ಗಣಪತಿ ಮೊದಲು ಇಲ್ಲಿಯ ಕುಂಡಕ್ಕೇ ಕೈಹಾಕಿದ. ಈ ಚಳಿಯ ಊರಿನಲ್ಲಿ ಕರಿಬೇವು ಉಳಿಸಿಕೊಳ್ಳುವುದು ಮಕ್ಕಳನ್ನು ಸಾಕಿದಷ್ಟೇ ಕಷ್ಟ. ಜೋಸೆಫ್ ಗಿಡವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, “ಬೇರು ಜಾಗ್ರತೆ, ಹಿಲ್ಡಾ ನನ್ನನ್ನು ಮನೆಯಲ್ಲಿ ಇಡ್ಲಿಕ್ಕಿಲ್ಲ!” ಎಂದು ಗೋಗರೆಯುತ್ತಿದ್ದರು. ಮಣ್ಣಿನಡಿ ಒಂದು ಮುರಿದ ಟೀ ಕಪ್ಪು, ಐದಾರು ಹೂಕುಂಡದ ಚೂರು. ಹಿಡಿಕೆ ಇಲ್ಲ.

ಸುಮುಖ್‌ನ ಗಿಡ ಆಫೀಸಿನಲ್ಲಿ ಅವನ ಮೇಜಿನ ಮೇಲೆ, ಕಿಟಕಿಯ ಬಿಸಿಲಿನಲ್ಲಿ ಕೂತಿತ್ತು.

“ಸುಮುಖ್, ನಿಮ್ಮ ಗಿಡ ಒಂದ್ನಿಮಿಷ ಕೀಳ್ಬಹುದಾ?”

“ಏನಂದ್ರಿ?” ಸುಮುಖ್ ಕುಂಡವನ್ನು ತಬ್ಬಿಕೊಂಡ. “ಇದಕ್ಕೋಸ್ಕರ ಹಿಲ್ಡಾ ಆಂಟಿ ಲಿಸ್ಟಲ್ಲಿ ಆರು ತಿಂಗಳು ಕಾದಿದೀನಿ ಗಣಪತಿ!”

“ಒಳಗೆ ಗ್ರೀಕ್ ಇತಿಹಾಸ ಇದೆ!”

“ಮೇಲೆ ನನ್ನ ಒಗ್ಗರಣೆ ಇದೆ!”

ಇಬ್ಬರೂ ಎಳೆದರು. ಕುಂಡ ಜಾರಿತು. ಮಣ್ಣೆಲ್ಲ ಕೀಬೋರ್ಡಿನ ಸಂದುಗಳಿಗೆ ಇಳಿಯಿತು. ಸದ್ದಿಗೆ ಓಡಿಬಂದ ಸೆಕ್ಯೂರಿಟಿಯವನಿಗೆ ಕಂಡದ್ದು, ನೆಲದ ಮೇಲೆ ಮಂಡಿಯೂರಿ ಮಣ್ಣು ಕೆದಕುತ್ತಿರುವ ಒಬ್ಬ ಟೆಸ್ಟರ್, ಗಿಡವನ್ನು ಎದೆಗವಚಿಕೊಂಡ ಒಬ್ಬ ಮ್ಯಾನೇಜರ್. ಇಲ್ಲಿಯೂ ಹಿಡಿಕೆ ಇಲ್ಲ.

ಆಗ ಫೋನ್ ಬಂತು.

“ಎಂತ ಗಣಪತಿಯವ್ರೇ, ಹದಿನೇಳು ಮಿಸ್ಡ್ ಕಾಲ್?” ಹಿಲ್ಡಾಳ ದನಿ. “ಆ ಬಾಗಿದ ತುಂಡಾ? ಅದು ತಳದಲ್ಲಿ ಸರಿ ಕೂರುದಿಲ್ಲ, ನಾನು ಹಾಕ್ಲೇ ಇಲ್ಲ. ಎಂತದೋ ಅಕ್ಷರದ ಹಾಗೆ ಕಂಡಿತು, ಕಿಟಕಿಯಲ್ಲಿ ಇಟ್ರೆ ಚಂದ ಅಂತ ವಿನೆಗರಲ್ಲಿ ನೆನೆಸಿಟ್ಟಿದ್ದೇನೆ.”

“ವಿನೆಗರಲ್ಲಾ!”

ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ ಗಣಪತಿ ಲೈಬ್ರರಿ ಮುಟ್ಟಿದ. ಜೊತೆಗೆ ಹಿಲ್ಡಾ, ಅವಳ ಕೈಯಲ್ಲಿ ಟವೆಲ್ಲಿನಲ್ಲಿ ಸುತ್ತಿದ ಹಿಡಿಕೆ. ಸುಳ್ಳು ಹೇಳಬೇಕೆಂದು ದಾರಿಯುದ್ದಕ್ಕೂ ಎರಡು ಮೂರು ಸಲ ಅನ್ನಿಸಿತ್ತು. ಆದರೆ ಮೇಡಂ ಮುಖ ನೋಡಿದ ಮೇಲೆ ಬಾಯಿಗೆ ನಿಜವೇ ಬಂತು. ಉಪ್ಪಿನಕಾಯಿಯಂಥ ವಾಸನೆಗೆ ಮೇಡಂ ಬಿಳುಚಿಕೊಂಡರು.

“ವಿನೆಗರ್ ಹಾಕ್ಲೇಬಾರ್ದು. ಮಣ್ಣನ್ನೇ ತಿಂದುಬಿಡ್ತದೆ,” ಎನ್ನುತ್ತ ಭೂತಗನ್ನಡಿ ಹಿಡಿದರು. ಮುದ್ರೆಯ ಮೇಲಿನ ಸುಣ್ಣವೆಲ್ಲ ಕರಗಿಹೋಗಿತ್ತು. ಅವರು ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು, “ಕ್ನಿ... ಡಿ... ಯೋನ್,” ಎಂದರು. “ಕ್ನಿಡೋಸ್ ಊರಿದ್ದು! ನಲವತ್ತು ವರ್ಷದಿಂದ ಯಾರಿಗೂ ಓದ್ಲಿಕ್ಕೆ ಆಗಿರ್ಲಿಲ್ಲ!”

“ರೋಡ್ಸ್ ಅಲ್ವಾ?” ಎಂದ ಗಣಪತಿ.

“ಅಲ್ಲ. ಮಣ್ಣಿನ ಬಣ್ಣ ನೋಡಿ ನನಗೆ ಮೊದ್ಲೇ ಡೌಟಿತ್ತು. ನಿಮ್ಮ ಕಂಪ್ಯೂಟರ್ ಅಷ್ಟು ಗಟ್ಟಿಯಾಗಿ ಹೇಳಿತಲ್ಲ ಅಂತ ಸುಮ್ಮನಿದ್ದೆ.”

ಗಣಪತಿಯ ಬೆನ್ನಹಿಂದಿನ ಪರದೆಯ ಮೇಲೆ ‘ರೋಡ್ಸ್, 96%’ ಎಂಬುದು ಮದುವೆ ಮನೆಯ ಬೋರ್ಡಿನಂತೆ ಹೊಳೆಯುತ್ತಿತ್ತು. ಇಪ್ಪತ್ತೆರಡು ಜನ ಬಂದು ಕೂತಿದ್ದರು. ಅವನು ಎದ್ದು ನಿಂತು, ತನ್ನ ಲೆಕ್ಕ ತಪ್ಪಾಗಿದೆ, ಹಿಡಿಕೆಯೇ ತನ್ನ ಊರು ಹೇಳಿದೆ ಎಂದು ಇದ್ದದ್ದನ್ನು ಇದ್ದಹಾಗೆ ಹೇಳಿದ. ಜನ ಚಪ್ಪಾಳೆ ತಟ್ಟಿದರು. ಅವನ ಎದೆ ಸ್ವಲ್ಪ ಹಗುರಾಯಿತು.

ಭಾಷಣ ಮುಗಿದ ಮೇಲೆ ಮೇಡಂ ಇವರಿಬ್ಬರ ಹತ್ತಿರ ಬಂದರು.

“ಕಾಲೇಜಿನಲ್ಲಿ ಸುಣ್ಣ ಹಿಡಿದ ಹಿಡಿಕೆ ಇನ್ನೂ ಅರವತ್ತು ಉಂಟು. ಶನಿವಾರ ಶನಿವಾರ ಬಂದ್ರೆ ಶುಚಿ ಮಾಡುವ ಸರಿಯಾದ ಕ್ರಮ ಕಲಿಸ್ತೇನೆ. ಮುದ್ರೆ ಕಂಡುಹಿಡಿದವರ ಹೆಸರೂ ಕಾಲೇಜಿನ ಹಿಡಿಕೆಗಳ ಪಟ್ಟಿಯಲ್ಲಿ ಬರ್ತದೆ. ಬರ್ತೀರಾ?”

“ಖಂಡಿತ ಬರ್ತೀನಿ ಮೇಡಂ!” ಗಣಪತಿಯ ಕಣ್ಣು ತುಂಬಿತು.

“ನಿಮಗಲ್ಲ ಮಾರಾಯ್ರೇ,” ಎಂದರು ಸಿಂಥಿಯಾ. “ನಾನು ಕೇಳಿದ್ದು ಹಿಲ್ಡಾಗೆ.”

ಹಿಲ್ಡಾ ನಾಚಿ ಕೆಂಪಾದಳು. “ಬರ್ಲಿಕ್ಕೆ ಇಷ್ಟ ಉಂಟು. ಆದ್ರೆ ನನಗೆ ಡ್ರೈವಿಂಗ್ ಬರುದಿಲ್ಲ.”

ಇಬ್ಬರೂ ಗಣಪತಿಯ ಮುಖ ನೋಡಿದರು.

ಗಣಪತಿ ಯೋಚಿಸಿದ. ಅರವತ್ತು ಹಿಡಿಕೆ, ಅರವತ್ತು ಹೊಸ ಮುದ್ರೆ. ಅವನ ದಡ್ಡ ಕಂಪ್ಯೂಟರಿಗೆ ಅರವತ್ತು ಹೊಸ ಪಾಠ.

“ಶನಿವಾರ ಎಷ್ಟು ಗಂಟೆಗೆ ಕಾರು ತರ್ಲಿ ಹಿಲ್ಡಾ ಅವ್ರೇ?” ಎಂದ.