ಹೆಂಡತಿಗೆ ಬಂದ ಬುತ್ತಿ, ಗಂಡನಿಗೆ ಬಂದ ಎದೆಯುರಿ

ಹೆಂಡತಿಯ ಎದೆಯುರಿಯನ್ನು ತಾನೇ ವಹಿಸಿಕೊಳ್ಳುತ್ತೇನೆಂದು ಕುಕನೂರಿನ ಪೋಸ್ಟ್‌ಮನ್ ವಿರುಪಣ್ಣ ಯಾರ ಮುಂದೆಯೂ ಆಣೆ ಮಾಡಿರಲಿಲ್ಲ. ಆದರೂ ಆದದ್ದು ಅದೇ. ಅದು ಎಪ್ಪತ್ತೆಂಟನೆಯ ಇಸವಿ. ಹೆಂಡತಿ ಹಂಪವ್ವ ಏಳು ತಿಂಗಳ ಬಸುರಿ. ಏನು ತಿಂದರೂ ಹುಳಿ ಗಂಟಲಿಗೆ ಬರುತ್ತಿತ್ತು, ಎದೆ ಉರಿಯುತ್ತಿತ್ತು. ಅವಳ ಸಂಕಟ ನೋಡಲಾರದೆ ಅವನು ನರ್ಸ್ ಮುಮ್ತಾಜಬೇಗಂ ಅವರನ್ನು ಮನೆಗೇ ಕರೆತಂದ.

"ಖಾರ, ಎಣ್ಣಿ ಬ್ಯಾಡ್ರಿ. ಒಮ್ಮೆಲೇ ಹೊಟ್ಟಿ ತುಂಬ ಉಣಬ್ಯಾಡ್ರಿ, ಸ್ವಲ್ಪ ಸ್ವಲ್ಪ ಉಣ್ರಿ. ಉಂಡ ಕೂಡಲೇ ಅಡ್ಡಾಗಬ್ಯಾಡ್ರಿ. ಮಲಗುವಾಗ ತಲಿ ಎತ್ತರಕ್ಕಿರಲಿ," ಎಂದು ಅವರು ಹೇಳಿ ಹೋದರು.

ಸುಲಭದ ಮಾತೇ. ಆದರೆ ಬಸುರಿಗೆ ಏಳು ತುಂಬುತ್ತಿದ್ದಂತೆ ಓಣಿಯ ಮನೆಮನೆಯಿಂದ ಬಯಕೆ ಬುತ್ತಿ ಬರಬೇಕಲ್ಲ! (ನಮ್ಮ ಕಡೆ ಬುತ್ತಿ ಎಂದರೆ ಖಾರದ ದಿಗ್ವಿಜಯ.) ಮರುದಿನವೇ ಪಕ್ಕದ ಮನೆಯ ಭೀಮಕ್ಕ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಕೆಂಪು ಮೆಣಸಿನಕಾಯಿ ಅರೆದ ರಂಜಕ ತಂದಿಟ್ಟಳು.

"ಹೊಳ್ಳಿ ಕಳಿಸೂಣಲ್ಲ, ಯವ್ವಾ?" ಎಂದ ವಿರುಪಣ್ಣ.

"ಬುತ್ತಿ ಹೊಳ್ಳಿ ಕಳಿಸಿದ್ರ ಓಣ್ಯಾಗ ನಾ ಮಾರಿ ಹೆಂಗ ತೋರಸಲಿ?" ಎಂದು ತಾಯಿ ಮುದಕಮ್ಮ ಗದರಿ, ನೀರಿಗೆ ಹೋದಳು.

ವಿರುಪಣ್ಣನಿಗೆ ಆಗ ಹೊಳೆಯಿತು ಆ ಮಹಾ ಉಪಾಯ. "ನೀ ನುಚ್ಚು ಮಜ್ಜಿಗಿ ಉಣ್ಣು. ಇದನ್ನ ನಾ ನೋಡ್ಕೋತೀನಿ," ಎಂದ ಹೆಂಡತಿಗೆ.

"ನಿಮಗ ಆಗತೈತೇನ್ರೀ?"

"ಗಂಡಸ ಅದೀನಿ!" ಎಂದು ಪಾತ್ರೆಯ ತಳ ಬಳಿದು ಮುಗಿಸಿದ.

ಖಾಲಿ ಪಾತ್ರೆ ಕಂಡ ಭೀಮಕ್ಕನ ಸಂತೋಷಕ್ಕೆ ಮಿತಿಯಿಲ್ಲ. "ಹುಡುಗಿ ತಳ ಸೈತ ಬಿಟ್ಟಿಲ್ಲ! ಆಕಿಗೆ ಖಾರದ ಬಯಕಿ ಭಾಳ ಐತಿ!" ಎಂದು ಓಣಿಗೆಲ್ಲ ಸಾರಿದಳು. ಮರುದಿನ ಯಂಕವ್ವನ ಮನೆಯಿಂದ ಎರಡು ಪಟ್ಟು ಖಾರ ಬಂತು. ಅದೂ ಖಾಲಿ. ಅದರ ಮರುದಿನ ನಾಲ್ಕು ಪಟ್ಟು.

ಎಂಟನೆಯ ದಿನಕ್ಕೆ ಹಂಪವ್ವನ ಎದೆ ಶಾಂತವಾಗಿ, ಮುಖಕ್ಕೆ ಕಳೆ ಬಂದಿತ್ತು. ವಿರುಪಣ್ಣ ಮಾತ್ರ ಕಾಗದ ಕೊಟ್ಟ ಮನೆಯಲ್ಲೆಲ್ಲ ಮಜ್ಜಿಗೆ ಬೇಡುತ್ತಿದ್ದ. ಎರಡು ದಿಂಬು ಇಟ್ಟುಕೊಂಡು ಕುಳಿತೇ ನಿದ್ದೆ ಮಾಡುತ್ತಿದ್ದ. ಆದರೂ ಹೆಂಡತಿ ನಗುವುದನ್ನು ಕಂಡು ಅವನಿಗೆ ಹಿಗ್ಗೇ ಆಗುತ್ತಿತ್ತು.

ಅಂದು ಅವನು ತುಂಬುಗಾಯಿ ಮೆಣಸಿನಕಾಯಿ ಬಾಯಿಗಿಟ್ಟುಕೊಂಡು ಕಣ್ಣೀರು ಸುರಿಸುತ್ತಿದ್ದಾಗ ಮುದಕಮ್ಮ, ಭೀಮಕ್ಕ ಇಬ್ಬರೂ ಒಳಗೆ ಬಂದುಬಿಟ್ಟರು.

"ಅಯ್ಯ, ಬಸುರಿ ಯಾರು ಇಲ್ಲಿ?" ಎಂದಳು ಭೀಮಕ್ಕ.

ವಿರುಪಣ್ಣ ಎಲ್ಲವನ್ನೂ ಒಪ್ಪಿಕೊಂಡ. ಬೈಗುಳ ಬಿದ್ದವು, ಬೀಳಲಿ, ಇನ್ನು ಮೆಣಸಿನಕಾಯಿಯಿಂದ ಮುಕ್ತಿ ಸಿಕ್ಕಿತಲ್ಲ ಎಂದು ತಾಟನ್ನು ಆಚೆ ತಳ್ಳಿದ.

ಮುದಕಮ್ಮ ಸೊಸೆಯತ್ತ ತಿರುಗಿದಳು. "ಹಂಗಾರ ನಿನ್ನ ಬಯಕಿ ಒಂದೂ ತೀರಿಲ್ಲಲ್ಲವಾ! ಬಯಕಿ ತೀರದಿದ್ರ ಕೂಸಿನ ಕಿವಿ ಸೋರತಾವ. ಏನ ಬೇಕ, ಹೇಳು."

ಹಂಪವ್ವ ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು. "ನನಗ ಒಂದ ಬಯಕಿ ಐತ್ರಿ ಅತ್ತಿ. ಇವರು ಹಿಂಗ ಬೆವತು, ಮೂಗ ಒರಸ್ಕೋತ ಖಾರ ತಿನ್ನೂದು ದಿನಾ ನೋಡಬೇಕ ಅನಸತೈತಿ."

ಭೀಮಕ್ಕ ರಂಜಕ ತರಲು ಆಗಲೇ ಮನೆಗೆ ಓಡಿದ್ದಳು. ಮುದಕಮ್ಮ ತಾಟನ್ನು ಮತ್ತೆ ಮಗನ ಮುಂದೆ ಸರಿಸಿದಳು.

ಹೆರಿಗೆಗೆ ಇನ್ನೂ ಎರಡು ತಿಂಗಳಿತ್ತು.